ಯುವ ಬರಹಗಾರ್ತಿಗೆ ಪತ್ರ: ನೋಟೀಸು ಮೂರು ಸಲ ಬಂದಿತ್ತು

ನವನಗರ, ಬಾಗಲಕೋಟೆ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಕೈಗೆ ಬಂದು ಇಪ್ಪತ್ತು ದಿನ ಆಯ್ತು. ಎರಡು ಸಲ ಓದಿದೆ. ಮೊದಲ ಸಲ ಕಣ್ಣು ಒದ್ದೆಯಾಯಿತು. ಎರಡನೇ ಸಲ ಸಿಟ್ಟು ಬಂತು. ಎರಡನ್ನೂ ಹೇಳಿಬಿಡುತ್ತೇನೆ.

ಜೊತೆಗಿಟ್ಟ ಚೀಟಿಯಲ್ಲಿ ನೀನು ಬರೆದಿದ್ದೀಯ: "ಕಾಕಾರ, ಬೆಳಗಾವಿ ಹಾಸ್ಟೆಲ್ಲಿನಾಗ ಕುಂತು ಹೇಗ್ ನಗರದ ಕೋರ್ಟಿನ ಬಗ್ಗೆ ಕನ್ನಡದಾಗ ಬರದ್ರ ಯಾರಿಗೆ ಏನು ಉಪಯೋಗ? ಅಲ್ಲಿ ಆದೇಶ ಆದ್ರೂ ಯಾರೂ ಕೇಳವಲ್ರು. ಹರದು ಹಾಕ್ಲ್ಯಾ?"

ಹರಿಯಬೇಡ. ಕಾನೂನು ಓದುವ ಹುಡುಗಿ ಹೀಗೆ ಸೋತು ಬರೆದದ್ದನ್ನು ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರಕಾಶಕರು ಯಾರು, ಅಧ್ಯಾಯ ಎಷ್ಟಿರಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಅಂತಲೂ ಕೇಳಿದ್ದೀಯ. ಅದನ್ನೆಲ್ಲ ಬೇರೆ ಯಾರಾದರೂ ಹೇಳುತ್ತಾರೆ. ನನಗೆ ಹೇಳಬೇಕಾದದ್ದು ಒಂದೇ ಇದೆ.

ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಬಗ್ಗೆ ನೀನು ಬರೆದ ಪುಟ ನನಗೆ ತುಂಬಾ ಹಿಡಿಸಿತು. 1948ರ ಮಾನವ ಹಕ್ಕುಗಳ ಘೋಷಣೆಯ ಕರಡಿನ ಮೊದಲ ವಿಧಿಯಲ್ಲಿ 'ಎಲ್ಲ ಗಂಡಸರು' ಎಂದೂ ಅರ್ಥವಾಗುವ ಇಂಗ್ಲಿಷ್ ಮಾತಿತ್ತು. ಆಕೆ ಹಟ ಹಿಡಿದು ಅದನ್ನು 'ಎಲ್ಲ ಮನುಷ್ಯರು' ಅಂತ ಮಾಡಿಸಿದರು. ಎಷ್ಟು ಚೆನ್ನಾಗಿ ಬರೆದಿದ್ದೀಯ! ನನ್ನ ಸಿಟ್ಟಿಗೂ ಅದೇ ಕಾರಣ. ಒಂದು ಪದಕ್ಕೆ ಇಷ್ಟು ಬೆಲೆ ಕೊಡುವ ಹುಡುಗಿ ಮುಂದಿನ ಹತ್ತು ಪುಟದಲ್ಲಿ 'ನರಮೇಧ' ಅನ್ನುವ ಪದವನ್ನು 23 ಸಲ ಬಳಸಿದ್ದಾಳೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಗಾಜಾಕ್ಕೂ ನರಮೇಧ, ಉಕ್ರೇನಿಗೂ ನರಮೇಧ, ಕೊನೆಗೆ ನಮ್ಮ ಆಲಮಟ್ಟಿ ಮುಳುಗಡೆಗೂ ನರಮೇಧ.

ಇಂಗ್ಲಿಷಿನಲ್ಲಿ 'ಜೆನೊಸೈಡ್' ಅನ್ನುವ ಆ ಪದ ಎಲ್ಲಿಂದ ಬಂತು ಅಂತ ನಿನಗೆ ಗೊತ್ತಿದೆ. ಪೋಲೆಂಡಿನ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್ ಗ್ರೀಕಿನ ಒಂದು ತುಂಡು, ಲ್ಯಾಟಿನ್ನಿನ ಒಂದು ತುಂಡು ಸೇರಿಸಿ 1944ರಲ್ಲಿ ಅದನ್ನು ಅಚ್ಚಿಗೆ ತಂದರು. ತಮ್ಮ ಬಂಧು ಬಳಗವನ್ನು ನಾಜಿಗಳ ಕೈಯಲ್ಲಿ ಕಳೆದುಕೊಂಡವರು ಅವರು. ಆ ಪದ 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಒಪ್ಪಂದವಾಯಿತು. ಒಂದು ರಾಷ್ಟ್ರೀಯ, ಬುಡಕಟ್ಟಿನ, ಜನಾಂಗದ ಅಥವಾ ಧರ್ಮದ ಗುಂಪನ್ನು, ಅದು ಆ ಗುಂಪು ಅನ್ನುವ ಕಾರಣಕ್ಕೇ, ಪೂರ್ತಿಯಾಗಿಯೋ ಒಂದು ಭಾಗವಾಗಿಯೋ ನಾಶ ಮಾಡುವ ಉದ್ದೇಶ ಇರಬೇಕು. ಎಷ್ಟು ಜನ ಸತ್ತರು ಅನ್ನುವುದು ಅಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು ಆ ಉದ್ದೇಶ.

ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಬೋಸ್ನಿಯಾ 1993ರಲ್ಲಿ ಸರ್ಬಿಯಾ ಮೇಲೆ ಕೇಸು ಹಾಕಿತು, ತೀರ್ಪು ಬಂದದ್ದು 2007ರಲ್ಲಿ. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ 8000ಕ್ಕೂ ಜಾಸ್ತಿ ಗಂಡಸರನ್ನೂ ಹುಡುಗರನ್ನೂ ಕೊಂದದ್ದು ನರಮೇಧ ಅಂತ ಕೋರ್ಟು ಹೇಳಿತು. ಉಳಿದ ಕಡೆ ಆದ ಕೊಲೆಗಳನ್ನು ಹಾಗೆ ಕರೆಯಲಿಲ್ಲ. ಕೊಲೆ ಆಗಲೇ ಇಲ್ಲ ಅಂತಲ್ಲ, ಉದ್ದೇಶಕ್ಕೆ ಸಾಕ್ಷಿ ಸಾಲಲಿಲ್ಲ. ಸರ್ಬಿಯಾ ತಾನೇ ಅದನ್ನು ಮಾಡಿತು ಅನ್ನಲಿಲ್ಲ, ತಡೆಯಲಿಲ್ಲ ಅಂತ ಹೇಳಿತು. ಸಾಕ್ಷಿಯ ಹೊಸ್ತಿಲು ಇಷ್ಟು ಎತ್ತರ ಇರಬೇಕಾ ಅಂತ ಈಗ ದೊಡ್ಡ ವಾದವೇ ನಡೆದಿದೆ. ರೊಹಿಂಗ್ಯಾ ಜನರಿಗಾಗಿ ಗ್ಯಾಂಬಿಯಾ 2019ರಲ್ಲಿ ಮ್ಯಾನ್ಮಾರ್ ಮೇಲೆ ಹಾಕಿದ ಕೇಸಿನಲ್ಲೂ ಅದೇ ಪ್ರಶ್ನೆ. ಹೊಸ್ತಿಲು ಇಳಿಸಬೇಕು ಅಂತ ನಿನಗೆ ಅನಿಸಿದರೆ ಹಾಗಂತ ವಾದ ಮಾಡು, ನಾನು ನಿನ್ನ ಪರ ನಿಲ್ಲುತ್ತೇನೆ. ಹೊಸ್ತಿಲೇ ಇಲ್ಲ ಅನ್ನುವ ಹಾಗೆ ಬರೆಯಬೇಡ.

ಪುಟ 14 ತೆಗೆದು ನೋಡು. 2024ರ ಜನವರಿ 26ರಂದು ಅಂತರರಾಷ್ಟ್ರೀಯ ನ್ಯಾಯಾಲಯ 'ಗಾಜಾದಲ್ಲಿ ನರಮೇಧ ನಡೆದಿರುವಂತೆ ಕಾಣುತ್ತದೆ' ಅಂದಿತು ಅಂತ ಬರೆದಿದ್ದೀಯ. ಕೋರ್ಟು ಹಾಗೆ ಅನ್ನಲಿಲ್ಲ. ನರಮೇಧದಿಂದ ರಕ್ಷಣೆ ಪಡೆಯುವ ಪ್ಯಾಲೆಸ್ಟೀನಿಯರ ಹಕ್ಕು ವಿಚಾರಣೆಗೆ ತಗೊಳ್ಳುವಷ್ಟು ಗಟ್ಟಿಯಾಗಿದೆ ಅಂದಿತು, ಇಸ್ರೇಲಿಗೆ ಕೆಲವು ತುರ್ತು ಆದೇಶ ಕೊಟ್ಟಿತು. ಆಗ ಅಧ್ಯಕ್ಷರಾಗಿದ್ದ ಜೋನ್ ಡೊನೊಹ್ಯೂ ಅವರೇ ನಿವೃತ್ತಿಯ ನಂತರ ಟೀವಿಯಲ್ಲಿ ಕೂತು ಇದನ್ನು ಬಿಡಿಸಿ ಹೇಳಬೇಕಾಯಿತು.

ಪುಟ 19ರಲ್ಲಿ ಇನ್ನೊಂದು. ನೆತನ್ಯಾಹು ಮೇಲೆ 'ಅದೇ ಕೋರ್ಟು' ನರಮೇಧದ ವಾರಂಟ್ ಹೊರಡಿಸಿತು ಅಂದಿದ್ದೀಯ. ಕೋರ್ಟು ಅದೇ ಅಲ್ಲ, ಊರು ಮಾತ್ರ ಅದೇ. ಒಂದು ಕೋರ್ಟು, ಅಂದರೆ ಅಂತರರಾಷ್ಟ್ರೀಯ ನ್ಯಾಯಾಲಯ, ದೇಶ ದೇಶಗಳ ವ್ಯಾಜ್ಯ ಕೇಳುತ್ತದೆ. ಇನ್ನೊಂದು, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಒಬ್ಬೊಬ್ಬ ವ್ಯಕ್ತಿಯನ್ನು ಕಟಕಟೆಗೆ ತರುತ್ತದೆ. ಆ ಎರಡನೆಯದಕ್ಕೆ ನಮ್ಮ ದೇಶ ಇನ್ನೂ ಸೇರಿಲ್ಲ. 2024ರ ನವೆಂಬರ್ 21ರ ವಾರಂಟಿನಲ್ಲಿ ಇದ್ದದ್ದು ಜನರ ಹಸಿವನ್ನೇ ಯುದ್ಧದ ಆಯುಧ ಮಾಡಿಕೊಂಡ ಆರೋಪ, ಕೊಲೆ, ಕಿರುಕುಳ. ನರಮೇಧ ಅದರಲ್ಲಿ ಇಲ್ಲ. ಮಗುವಿನ ಬಾಯಿಂದ ಅನ್ನ ಕಸಿದ ಆರೋಪ ಸಣ್ಣದು ಅಂತ ನಿನಗೆ ಯಾಕೆ ಅನಿಸಿತು? ಅದರ ಮೇಲೆ ದೊಡ್ಡ ಪದ ಯಾಕೆ ಹೊದಿಸಿದೆ? 1946ರ ನ್ಯೂರೆಂಬರ್ಗ್ ತೀರ್ಪಿನಲ್ಲಿ ಆ ಪದ ಒಂದು ಕಡೆಯೂ ಇಲ್ಲ. ಆ ತೀರ್ಪಿನಿಂದ ಹಿಟ್ಲರನ ಜೊತೆಗಾರರು ಗಲ್ಲಿಗೇರಿದರು, ಅಲ್ವಾ?

ವಿಶ್ವಸಂಸ್ಥೆಯ ತನಿಖಾ ಆಯೋಗ 2025ರ ಸೆಪ್ಟೆಂಬರಿನಲ್ಲಿ ಗಾಜಾದಲ್ಲಿ ನಡೆದದ್ದು ನರಮೇಧವೇ ಅಂತ ವರದಿ ಕೊಟ್ಟಿತು. ಇಸ್ರೇಲ್ ಅದನ್ನು ತಳ್ಳಿಹಾಕಿತು. ಹಾಗಿದ್ದರೆ ಆಯೋಗ ಹೇಳಿತು ಅಂತ ಬರೆ. ಕೋರ್ಟಿನ ಬಾಯಲ್ಲಿ ಅದನ್ನು ತುರುಕಬೇಡ. 2023ರ ಅಕ್ಟೋಬರ್ 7ರ ಬಗ್ಗೆ ನಿನ್ನ ಕಟ್ಟಿನಲ್ಲಿ ಒಂದು ಸಾಲೂ ಇಲ್ಲ. ಇಸ್ರೇಲಿನಲ್ಲಿ ಆ ದಿನ ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1200 ಜನ ಸತ್ತರು. ಅದನ್ನೂ ಬರೆ ತಂಗಿ. ಬರೆದರೆ ಗಾಜಾದ ಮಕ್ಕಳಿಗಾಗಿ ನೀನು ಪಟ್ಟ ಸಂಕಟ ಕಡಿಮೆ ಆಗುವುದಿಲ್ಲ.

ಇಷ್ಟು ಗದರುವ ಹಕ್ಕು ನನಗೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಇದನ್ನು ಇವತ್ತಿನವರೆಗೂ ಬರೆದಿಲ್ಲ.

ನಮ್ಮ ಊರು ಘಟಪ್ರಭೆ ದಂಡೆಯ ಮೇಲಿತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಆಗ ನಾನು ಪತ್ರಿಕೆಯೊಂದಕ್ಕೆ ಉದ್ದನೆಯ ಲೇಖನ ಬರೆದೆ. 'ಯಾರೂ ನಮಗೆ ಹೇಳಲಿಲ್ಲ. ರಾತ್ರೋರಾತ್ರಿ ನೀರು ಹೊಸ್ತಿಲಿಗೆ ಬಂತು' ಅಂತ ಅದರ ಮೊದಲ ಸಾಲು. ಎಲ್ಲರೂ ಹೊಗಳಿದರು. ಶಾಲು ಹೊದಿಸಿದರು. ಒಬ್ಬ ಹಿರಿಯ ವಿಮರ್ಶಕರು ಬೆನ್ನು ತಟ್ಟಿ, 'ಸತ್ಯಕ್ಕಿಂತ ಭಾವ ದೊಡ್ಡದು' ಅಂದರು. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ತೀರಿಕೊಂಡಿದ್ದಾರೆ, ಆದರೂ ಇದೆ.

ಯಾಕೆಂದರೆ ಆ ಸಾಲು ಸುಳ್ಳು. ನೀರು ರಾತ್ರೋರಾತ್ರಿ ಬರಲಿಲ್ಲ. ವರ್ಷಗಟ್ಟಲೆ ಅಳತೆ ಆಯಿತು, ಪಂಚನಾಮೆ ಆಯಿತು. ಓಣಿಯ ಕೊನೆಯಲ್ಲಿ ಒಬ್ಬ ಮುದುಕಿ ಇದ್ದಳು, ಹೊಲ ಇಲ್ಲದ ಕೂಲಿ ಹೆಂಗಸು. ಮಾಳಿಗೆ ಮನೆಯ ಹಿಂದಿನ ಅವಳ ದನದ ಕೊಟ್ಟಿಗೆ ಪರಿಹಾರದ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅವಳು ತನ್ನ ಅರ್ಜಿಯ ಜೊತೆ ನನ್ನ ಲೇಖನದ ಕತ್ತರಿಸಿದ ಹಾಳೆಯನ್ನು ಇಟ್ಟಳು. ಪೇಪರಿನಲ್ಲಿ ಬಂದಿದೆ ಅಂದರೆ ಬಲ ಬರುತ್ತದೆ ಅಂದುಕೊಂಡಿದ್ದಳು. ನಾನೂ ಜೊತೆಗೆ ಹೋಗಿದ್ದೆ. ಮೇಜಿನ ಆಚೆ ಕೂತವರು ಅದನ್ನು ಓದಿದರು. ಫೈಲು ತೆಗೆದು ಅವಳ ಹೆಬ್ಬೆಟ್ಟು ಇದ್ದ ನೋಟೀಸಿನ ಪ್ರತಿ ಪಕ್ಕಕ್ಕಿಟ್ಟರು. "ಯಾರೂ ಹೇಳಿಲ್ಲ ಅಂತೀರಿ. ಇದು ಯಾರ ಹೆಬ್ಬೆಟ್ಟು? ಇದು ಸುಳ್ಳಾದರೆ ಉಳಿದದ್ದೂ ಸುಳ್ಳು" ಅಂದರು. ಅರ್ಜಿ ಅಲ್ಲಿಗೆ ಮುಗಿಯಿತು. ಕೊಟ್ಟಿಗೆಯ ದುಡ್ಡು ಅವಳಿಗೆ ಬರಲೇ ಇಲ್ಲ.

ಹೊರಗೆ ಬಂದ ಮೇಲೆ ಅವಳು ನನ್ನನ್ನು ಬೈಯಲಿಲ್ಲ. "ನಾ ನಿನಗ ಖರೇನ ಹೇಳಿದ್ನೆಲ್ಲೋ ತಮ್ಮಾ. ನೋಟೀಸು ಮೂರು ಸಲ ಬಂದಿತ್ತು. ಓದಾವರು ಇರಲಿಲ್ಲ" ಅಂದಳು.

ಹೌದು, ಹೇಳಿದ್ದಳು. ನಾನೇ ಸಪ್ಪೆ ಅನಿಸಿತು ಅಂತ ಬಿಟ್ಟಿದ್ದೆ.

ಅದಾಗಿ ಬಹಳ ವರ್ಷದ ಮೇಲೆ, ದೇಶದ ಒಳಗೇ ನೆಲೆ ಕಳೆದುಕೊಂಡವರ ಬಗ್ಗೆ ವಿಶ್ವಸಂಸ್ಥೆ 1998ರಲ್ಲಿ ತಂದ ಮಾರ್ಗದರ್ಶಿ ತತ್ವಗಳನ್ನು ಓದಿದೆ. ಆರನೆಯ ತತ್ವದಲ್ಲಿ ದೊಡ್ಡ ಅಭಿವೃದ್ಧಿ ಯೋಜನೆಗಳ ಮಾತಿದೆ. ಏಳನೆಯದು ಇನ್ನೂ ಮುಂದೆ ಹೋಗುತ್ತದೆ. ಎಬ್ಬಿಸುವ ಮೊದಲು ಜನರಿಗೆ ಯಾಕೆ, ಹೇಗೆ ಅಂತ ಪೂರ್ತಿ ತಿಳಿಸಬೇಕು. ತಿಳಿದು ಕೊಟ್ಟ, ಒತ್ತಾಯ ಇಲ್ಲದ ಒಪ್ಪಿಗೆ ಕೇಳಬೇಕು. ಅದು ಯಾವ ಸರ್ಕಾರವನ್ನೂ ಕಟ್ಟಿಹಾಕುವ ಒಪ್ಪಂದ ಅಲ್ಲ, ಅದನ್ನೂ ಬರೆಯಬೇಕು. ಆದರೆ ನೋಡು. ಓದಲು ಬಾರದವಳ ಕೈಗೆ ಮೂರು ಸಲ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ತಿಳಿದು ಕೊಟ್ಟ ಒಪ್ಪಿಗೆಯಾ? ಹೇಗ್ ನಗರದ ದೊಡ್ಡ ವಕೀಲರು ವಾದಿಸುವ ಮಾತನ್ನು ಆ ಮುದುಕಿ ಎರಡು ಸಾಲಿನಲ್ಲಿ ಹೇಳಿದ್ದಳು. ನಾನು ಅದನ್ನು ತೆಗೆದು ಅಲ್ಲಿ ಚಂದದ ಸುಳ್ಳು ಇಟ್ಟೆ.

ಇನ್ನು ನಿನ್ನ ನಿರಾಶೆ. ಪುಟಿನ್ ಮೇಲೆ 2023ರ ಮಾರ್ಚಿನಲ್ಲಿ ವಾರಂಟ್ ಬಂತು, ಮರುವರ್ಷ ಅವರು ಮಂಗೋಲಿಯಾಕ್ಕೆ ಹೋಗಿ ಬಂದರು, ಯಾರೂ ಹಿಡಿಯಲಿಲ್ಲ ಅಂತ ಬರೆದಿದ್ದೀಯ. ನಿಜ. 2025ರ ಮಾರ್ಚಿನಲ್ಲಿ ಫಿಲಿಪೀನ್ಸಿನ ಮಾಜಿ ಅಧ್ಯಕ್ಷ ಡುಟೆರ್ಟೆಯನ್ನು ಮನಿಲಾದಲ್ಲಿ ಹಿಡಿದು ಹೇಗ್‌ಗೆ ಕಳಿಸಿದರು, ಅದೂ ನಿಜ. ನೀನು ಮೊದಲನೆಯದನ್ನು ಮಾತ್ರ ಇಟ್ಟುಕೊಂಡೆ. ದುಃಖದಲ್ಲಿ ಇದ್ದಾಗ ಹಾಗಾಗುತ್ತದೆ, ನನಗೆ ಗೊತ್ತು. ಆದರೂ ಎರಡನ್ನೂ ಇಡು.

ಯಾರಿಗೆ ಉಪಯೋಗ ಅಂತ ಕೇಳಿದೆಯಲ್ಲ. ಆಲಮಟ್ಟಿ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಜಮಖಂಡಿ ಕಡೆಯ ನಿಮ್ಮ ಊರು ಆ ಪಟ್ಟಿಯಲ್ಲಿದೆ ಅಂತ ನೀನೇ ಬರೆದಿದ್ದೀಯ. ನಾಳೆ ಯಾರೋ ಒಬ್ಬಳು ತನ್ನ ಅರ್ಜಿಯ ಜೊತೆ ನಿನ್ನ ಪುಸ್ತಕದ ಒಂದು ಹಾಳೆ ಇಟ್ಟುಕೊಂಡು ಹೋಗಬಹುದು. ಅದನ್ನು ನೆನೆದೇ ಈ ಇಪ್ಪತ್ತು ದಿನ ನಿನಗೆ ಬರೆಯಲು ತಡ ಮಾಡಿದೆ.

ಪುಟ 31ರಲ್ಲಿ ನಿನ್ನ ಅಜ್ಜಿ ಮಾತಾಡುತ್ತಾಳೆ. "ಕೃಷ್ಣೆ ನನ್ನ ತಾಯಿ, ಈಗ ತಾಯಿಯೇ ನನ್ನನ್ನು ನುಂಗಲು ಬರುತ್ತಿದ್ದಾಳೆ" ಅನ್ನುತ್ತಾಳೆ. ಓದಿದವರೆಲ್ಲ ಇದನ್ನು ಹೊಗಳುತ್ತಾರೆ. ನನಗೆ ಮಾತ್ರ ಅದರಲ್ಲಿ ನಿನ್ನ ಧ್ವನಿ ಕೇಳಿಸಿತು, ಅಜ್ಜಿಯದು ಕೇಳಿಸಲಿಲ್ಲ. ಈ ರವಿವಾರ ಊರಿಗೆ ಹೋಗು. ಅಜ್ಜಿ ಜೊತೆ ಕಟ್ಟೆಯ ಮೇಲೆ ಕೂತುಕೋ. ನಿಮ್ಮ ಮನೆಗೆ ನೋಟೀಸು ಬಂದಿದೆಯಾ, ಯಾರು ಓದಿ ಹೇಳಿದರು, ಆಗ ಅವಳು ಏನಂದಳು ಅಂತ ಕೇಳು. ಅವಳು ಅಂದದ್ದಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ನನಗೆ ಕಳಿಸು. ನಿನ್ನ ಹಸ್ತಪ್ರತಿ ನನ್ನ ಹತ್ತಿರವೇ ಇರಲಿ, ಕಾರ್ಡು ಬಂದ ಮೇಲೆ ಮುಂದಿನದನ್ನು ನೋಡೋಣ.

ಇಂತಿ,
ನಿನ್ನ ಕಾಕಾ