ಮೊದಲು ಕೇಸ್ ಶೀಟ್ ಕೊಡಿಸಿ

ಮಾನ್ಯರೇ,

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ಮಗಳನ್ನು ಕಳೆದುಕೊಂಡ, ಜಗಳೂರು ಕಡೆಯ ನಮ್ಮ ಬಂಧುಗಳು ಪರಿಹಾರ ಕೋರಿ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಲು ಸಿದ್ಧರಿದ್ದರೂ, ಅವರ ಕೈಯಲ್ಲಿರುವುದು ಔಷಧದಂಗಡಿಯ ಬಿಲ್ಲುಗಳು ಮಾತ್ರ. ಚಿಕಿತ್ಸೆಯ ವಿವರಗಳ ದಾಖಲೆಯಾದ ಕೇಸ್ ಶೀಟ್ ಕೇಳಿದರೆ ‘ದೊಡ್ಡ ಡಾಕ್ಟರ್ ಸಹಿ ಆಗಬೇಕು, ಸೋಮವಾರ ಬನ್ನಿ’ ಎಂಬ ಉತ್ತರ. ಯಾವ ಸೋಮವಾರವೋ!

ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ರೋಗಿಯ ಕಡೆಯವರು ಕೇಳಿದ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕು. ಇತ್ತ, ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಸಲ್ಲಿಸಲು ಎರಡು ವರ್ಷಗಳ ಗಡುವಿದೆ; ವಿಳಂಬವಾದಷ್ಟೂ ಅನುಕೂಲ ಯಾರಿಗೆಂದು ವಿವರಿಸಬೇಕಿಲ್ಲ.

ಚಿಕಿತ್ಸೆ ಫಲಿಸಲಿಲ್ಲವೆಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು ಎಂದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಸರಿಯೇ. ಆದರೆ ಬಾಣಂತಿಯ ರಕ್ತದೊತ್ತಡ ಯಾವಾಗ ಕುಸಿಯಿತು, ರಕ್ತನಿಧಿಗೆ ಎಷ್ಟು ಗಂಟೆಗೆ ಹೇಳಿ ಕಳುಹಿಸಲಾಯಿತು ಎಂಬುದು ನರ್ಸ್‌ಗಳು ಬರೆದಿಟ್ಟ ಚಾರ್ಟಿನಲ್ಲಲ್ಲದೆ ಬೇರೆಲ್ಲಿ ಸಿಗುತ್ತದೆ? ತಪ್ಪು ನಡೆದಿಲ್ಲವಾದರೆ ಆಸ್ಪತ್ರೆಗೂ ಅದೇ ರಕ್ಷೆ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಕುಂದುಕೊರತೆ ಪ್ರಾಧಿಕಾರವು, ದಾಖಲೆ ಕೊಡದೆ ಸತಾಯಿಸುವ ಆಸ್ಪತ್ರೆಗಳಿಗೆ ನೋಟಿಸ್ ನೀಡಿ, ಇಂತಹ ಕುಟುಂಬಗಳಿಗೆ ಆ ದಾಖಲೆಗಳು ಕೂಡಲೇ ದೊರೆಯುವಂತೆ ಮಾಡಬೇಕೆಂದು ಕೋರುತ್ತೇನೆ.

– ನೊಂದ ಬಂಧು, ವಿದ್ಯಾನಗರ, ದಾವಣಗೆರೆ