ನಿನ್ನ ರಕ್ತದಿಂದ ಬಂತೇ ಎಂದು ಕೇಳಿದ್ದಕ್ಕೆ

ಪ್ರೀತಿಯ ವಸುಧಾ,

ನಿನ್ನ ಮಗನ ಕಣ್ಣಿನ ಕ್ಯಾನ್ಸರಿಗೆ ಆಪರೇಷನ್ ಯಾವತ್ತು, ಹಣದ ವ್ಯವಸ್ಥೆ ಏನು ಎಂಬುದನ್ನೆಲ್ಲ ನಿನ್ನವ್ವ ಫೋನಿನಲ್ಲಿ ಹೇಳಿದ್ದಾಳೆ. ಕಣ್ಣು ಹೋದರೂ ಮಗು ಉಳಿಯಲಿ ಎಂದು ನೀವಿಬ್ಬರೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೀರಿ. ಅದರಲ್ಲಿ ನಾನು ಸೇರಿಸುವುದು ಏನೂ ಇಲ್ಲ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಪತ್ರದ ಕೊನೆಯಲ್ಲಿ, ಹೆಸರಿನ ಕೆಳಗೆ ಇಕ್ಕಟ್ಟಿನಲ್ಲಿ ಬರೆದ ಒಂದು ಸಾಲು: 'ದೊಡ್ಡವ್ವ, ಇದು ನನ್ನ ರಕ್ತದಿಂದಲೇ ಬಂತೇ?'

ಚಿಕ್ಕಂದಿನಲ್ಲೇ ಇಂಥದೇ ಕಣ್ಣಿನ ಕಾಯಿಲೆಯಲ್ಲಿ ಹೋದ ನಿನ್ನ ಸೋದರಮಾವ ಸೀನುವಿನ ಕಥೆ ನಿನಗೆ ಗೊತ್ತು, ಮತ್ತೆ ಹೇಳುವುದಿಲ್ಲ. ನಿನಗೆ ಗೊತ್ತಿಲ್ಲದಿರುವುದು ನಿನ್ನ ಅಜ್ಜಿಯದು. ಸೀನು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವ್ವ ಈಳಿಗೆಮಣೆ ಮುಟ್ಟಿದ್ದಳು, ಅದಕ್ಕೇ ಮಗುವಿಗೆ ಪಾಪೆ ಬೆಳ್ಳಗೆ ಹೊಳೆಯುವ ಬೆಕ್ಕಿನ ಕಣ್ಣು ಬಂತು ಎಂದು ಮನೆಗೆ ಬಂದವರೆಲ್ಲ ಹೇಳಿ ಹೋದರು. ಅವ್ವ ಒಂದು ದಿನವೂ ಎದುರು ಮಾತನಾಡಲಿಲ್ಲ. ನಂಬಿಬಿಟ್ಟಳು. 1980ರ ಫೆಬ್ರವರಿಯಲ್ಲಿ ಖಗ್ರಾಸ ಗ್ರಹಣ ಹಿಡಿದು ಗದಗಿನಲ್ಲಿ ಮಧ್ಯಾಹ್ನವೇ ಕತ್ತಲಾದಾಗ ನಾವು ಮಕ್ಕಳನ್ನು ಕಟ್ಟಿಕೊಂಡು ಒಳಗೆ ಕುಳಿತಿದ್ದೆವು. ಅವ್ವ ದೇವರ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತಿದ್ದಳು. ಕೈ ಏನನ್ನೂ ಮುಟ್ಟಬಾರದು ಎಂದು. ಸೀನು ಹೋಗಿ ಅಷ್ಟು ವರ್ಷಗಳಾಗಿದ್ದವು, ಮನೆಯಲ್ಲಿ ಬಸುರಿಯರು ಯಾರೂ ಇರಲಿಲ್ಲ. ಈ ಕಾಯಿಲೆ ಹೇಗೆ ಬರುತ್ತದೆಂದು ನಾನು ಸರಿಯಾಗಿ ಓದಿ ತಿಳಿದುಕೊಳ್ಳುವ ಹೊತ್ತಿಗೆ ಅವ್ವ ಇರಲಿಲ್ಲ. ಇಷ್ಟು ವರ್ಷ ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ವಿಜ್ಞಾನ ಹೇಳಿಕೊಟ್ಟೆ, ಹೇಳಬೇಕಾದವಳಿಗೆ ಹೇಳಲಾಗಲಿಲ್ಲ ಎಂಬ ಸಂಕಟ ಇನ್ನೂ ಇದೆ. ಅದಕ್ಕೇ ನಿನಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಿನ್ನ ಮಗನಿಗೆ ಬಂದಿರುವ ಈ ಕಣ್ಣಿನ ಕ್ಯಾನ್ಸರ್, ರೆಟಿನೋಬ್ಲಾಸ್ಟೋಮಾ, ಹುಟ್ಟುವುದು ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ, ಎಳೆಯ ಜೀವಕೋಶಗಳಲ್ಲಿ, ಹಾಗಾಗಿಯೇ ಅದು ಪುಟ್ಟ ಮಕ್ಕಳ ಕಾಯಿಲೆ. ಪ್ರತಿ ಜೀವಕೋಶದಲ್ಲೂ ಆರ್‌ಬಿ1 ಎಂಬ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಒಂದೇ ಬಾಗಿಲಿಗೆ ಎರಡು ಬೀಗ ಹಾಕಿದ ಹಾಗೆ. ಎರಡೂ ಕೆಟ್ಟರೆ ಮಾತ್ರ ಗಡ್ಡೆ ಬೆಳೆಯುತ್ತದೆ. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯರು 48 ಮಕ್ಕಳ ದಾಖಲೆಗಳನ್ನು ನೋಡಿ ಇದನ್ನು ಊಹಿಸಿದರು, ಮುಂದೆ ಅದು ನಿಜವಾಯಿತು. ಕೆಲವು ಮಕ್ಕಳಲ್ಲಿ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುತ್ತದೆ. ಉಳಿದವರಲ್ಲಿ ಕಣ್ಣಿನ ಯಾವುದೋ ಒಂದು ಜೀವಕೋಶದಲ್ಲಿ ಎರಡೂ ತಾವಾಗಿಯೇ ಕೆಡುತ್ತವೆ. ಅದರಲ್ಲಿ ನೀನು ತಿಂದದ್ದು, ನೋಡಿದ್ದು, ಮುಟ್ಟಿದ್ದು ಯಾವುದರ ಪಾತ್ರವೂ ಇಲ್ಲ.

ನಿನ್ನ ಮಗನಿಗೆ ಒಂದೇ ಕಣ್ಣಿನಲ್ಲಿದೆ. ಒಂದೇ ಕಣ್ಣಿನಲ್ಲಿ ಬಂದ ಮಕ್ಕಳಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿಗೆ ಮಾತ್ರ ಅದು ಹುಟ್ಟಿನಿಂದಲೇ ಬಂದ ದೋಷ. ಎರಡೂ ಕಣ್ಣಿನಲ್ಲಿದ್ದರೆ ಲೆಕ್ಕ ಬೇರೆ. ಹುಟ್ಟಿನಿಂದ ಬಂದವರಲ್ಲಿಯೂ ಹೆಚ್ಚಿನವರ ಮನೆತನದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ದೋಷ ಹೊಸದಾಗಿಯೇ ಮೂಡುತ್ತದೆ. ಹಾಗೆ ಮೂಡುವುದು ಹೆಚ್ಚಾಗಿ ತಂದೆಯ ಕಡೆಯ ಪ್ರತಿಯಲ್ಲಿ. ಇದನ್ನು ನಿನ್ನ ಅತ್ತೆಗೆ ಉತ್ತರ ಕೊಡಲಿ ಎಂದು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ಬಳಸಬೇಡ. ತವರಿನ ಕಡೆಯಿಂದ ಬಂದದ್ದು ಎಂದು ಅವರು ಅಂದದ್ದು ಭಯದಿಂದ ಇರಬಹುದು. ಆ ಭಯಕ್ಕೆ ಇನ್ನೊಬ್ಬರನ್ನು ಗುರಿ ಮಾಡಿದರೆ ನಿನ್ನ ಗಂಡ ಅವ್ವನ ಹಾಗೆ ಗೋಡೆ ನೋಡುತ್ತಾ ಕುಳಿತಾನು.

ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ನಮ್ಮಲ್ಲಿ ಸೀನು ಇದ್ದ, ಆದ್ದರಿಂದ ಸಂಬಂಧವೇ ಇಲ್ಲ ಎಂದು ಪರೀಕ್ಷೆ ಮಾಡದೆ ಯಾರೂ ಹೇಳಲಾಗದು. ಅದಕ್ಕೊಂದು ದಾರಿ ಇದೆ. ಇದನ್ನು ಡಾಕ್ಟರು ಈಗಾಗಲೇ ಹೇಳಿರಬಹುದು, ಹೇಳಿದ್ದರೆ ನನ್ನನ್ನು ಕ್ಷಮಿಸು. ತೆಗೆದ ಕಣ್ಣಿನ ಗಡ್ಡೆಯಲ್ಲಿ ಒಂದು ಚೂರನ್ನು ವಂಶವಾಹಿ ಪರೀಕ್ಷೆಗೆ ಇಡಿಸಲು ಆಪರೇಷನ್ನಿಗೆ ಮೊದಲೇ ಕೇಳು. ಗಡ್ಡೆಯಲ್ಲಿ ಯಾವ ದೋಷ ಇದೆ ಎಂದು ಗೊತ್ತಾದರೆ, ಅದೇ ದೋಷ ಮಗುವಿನ ರಕ್ತದಲ್ಲೂ ಇದೆಯೇ ಎಂದು ಹುಡುಕುವುದು ಸುಲಭ. ರಕ್ತದಲ್ಲಿ ಇದ್ದರೆ ನಿಮ್ಮಿಬ್ಬರ ರಕ್ತವನ್ನೂ ನೋಡುತ್ತಾರೆ. ನಿಮ್ಮಿಬ್ಬರ ಕಣ್ಣಿನ ಒಳಭಾಗವನ್ನೂ ಒಮ್ಮೆ ತೋರಿಸಿಬಿಡಿ. ತಂದೆ ತಾಯಿಯಲ್ಲಿ ಹಳೆಯ ಗಡ್ಡೆ ತಾನಾಗಿಯೇ ಬಾಡಿ ಕಲೆ ಉಳಿದಿರುವುದು ಅಪರೂಪಕ್ಕೆ ಕಾಣಸಿಗುತ್ತದೆ.

ನೀನು ಮೊಬೈಲಿನಲ್ಲಿ ಓದಿ ಹೆದರಿದ ಮೆಲನೋಮಾ, ಲಿಂಫೋಮಾ ಎಂಬ ಬೇರೆ ಕ್ಯಾನ್ಸರ್‌ಗಳೆಲ್ಲ ಕಣ್ಣಿನಲ್ಲಿ ಬಹುಮಟ್ಟಿಗೆ ದೊಡ್ಡವರವು, ಅವುಗಳ ಹುಟ್ಟು ಬೇರೆ, ದಾರಿ ಬೇರೆ. ಮೆಲನೋಮಾ ಕಣ್ಣಿನ ಬಣ್ಣದ ಪದರದಲ್ಲಿ ಬರುವಂಥದ್ದು, ನಮ್ಮ ಜನರಲ್ಲಿ ಕಡಿಮೆ. ಇಷ್ಟು ಬರೆಯುವಾಗ ನೆನಪಾಯಿತು: ನಿನ್ನ ಅಪ್ಪನ ರೆಪ್ಪೆಯ ಮೇಲಿನ ಗಂಟು ತೆಗೆಸಿದರೂ ಅದೇ ಜಾಗದಲ್ಲಿ ಮತ್ತೆ ಬರುತ್ತಿದೆಯಂತೆ. ವಯಸ್ಸಾದವರಲ್ಲಿ ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ಸಾಧಾರಣ ಗುಳ್ಳೆಯ ವೇಷದಲ್ಲಿ ಬರುವುದುಂಟು. ಈ ಸಲ ತೆಗೆದದ್ದನ್ನು ಪರೀಕ್ಷೆಗೆ ಕಳಿಸಲಿ. ಮಗುವಿನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಮತ್ತೊಮ್ಮೆ ನಿನ್ನ ರಕ್ತವನ್ನು ದೂರಬೇಡ. ಮಗುವಿನ ಕಣ್ಣಿಗೆ ಮಾತ್ರ ಸೂಜಿ ಹಾಕಿ ಮಾದರಿ ತೆಗೆಯುವುದಿಲ್ಲ, ಗಡ್ಡೆ ಹೊರಗೆ ಹರಡಬಹುದೆಂದು. ಯಾರೋ ಹಾಗೆ ಮಾಡಿಸು ಎಂದರೆ ಕೇಳಬೇಡ. ಸೊಪ್ಪಿನ ರಸ ಬಿಡುವವರನ್ನೂ ಹತ್ತಿರ ಸೇರಿಸಬೇಡ, ಸೀನುವಿನ ಕಾಲದಲ್ಲಿ ಆ ರಸದಲ್ಲೇ ತಿಂಗಳುಗಳು ಕಳೆದುಹೋದವು.

ಒಂದು ವೇಳೆ ಫಲಿತಾಂಶ ಬಂದು, ಹೌದು, ನಿನ್ನಿಂದಲೇ ಬಂದದ್ದು ಎಂದಾದರೂ ಅದು ನೀನು ಮಾಡಿದ ತಪ್ಪಾಗುವುದಿಲ್ಲ. ನಿನ್ನ ಮೂಗು, ನಿನ್ನ ನಗು ಅವನಿಗೆ ಬಂದದ್ದೂ ನೀನು ಆರಿಸಿ ಕೊಟ್ಟಿದ್ದಲ್ಲ. ಅವ್ವನಿಗೆ ಹೇಳಲಾಗದ ಮಾತು ಇದೇ. ತಿಳಿದರೆ ಉಪಯೋಗವೂ ಇದೆ. ಇನ್ನೊಂದು ಕಣ್ಣನ್ನು ಎಷ್ಟು ವರ್ಷ, ಎಷ್ಟು ಬಾರಿ ನೋಡಬೇಕೆಂಬುದು ಅದರ ಮೇಲೆ ನಿಂತಿದೆ. ದೋಷ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಅನಗತ್ಯವಾಗಿ ಸಿಟಿ ಸ್ಕ್ಯಾನ್ ಮಾಡಿಸುವುದಿಲ್ಲ, ವಿಕಿರಣದಿಂದ ಮುಂದೆ ಬೇರೆ ಕ್ಯಾನ್ಸರ್ ಬರುವ ಅಪಾಯ ಅವರಿಗೆ ಹೆಚ್ಚು.

ನಿನ್ನ ಮಗಳು ಪುಟ್ಟಿಯ ವಿಷಯ ನೀನು ಬರೆದೇ ಇಲ್ಲ. ವರದಿ ಬರುವ ತನಕ ಕಾಯಬೇಡ, ಅವಳ ಎರಡೂ ಕಣ್ಣುಗಳನ್ನು ಈಗಲೇ ತೋರಿಸು. ಪಾಪೆ ಹಿಗ್ಗಿಸಿ ನೋಡಬೇಕು, ಕೆಲವೊಮ್ಮೆ ಅರಿವಳಿಕೆ ಕೊಡಬೇಕಾಗುತ್ತದೆ. ದಿನ ಗೊತ್ತಾದ ಕೂಡಲೇ ತಿಳಿಸು, ಹಿಂದಿನ ರಾತ್ರಿಯ ಬಸ್ಸಿಗೆ ಬರುತ್ತೇನೆ. ನೀನು ಅವಳೊಂದಿಗೆ ಆಸ್ಪತ್ರೆಗೆ ಹೋಗು, ಮಗನನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನ
ದೊಡ್ಡವ್ವ