ಅಪ್ಪನ ಫೈಲ್ ತೆಗೆದಿಟ್ಟಿದ್ದೇನೆ

ಬಸವನಗುಡಿ, ಬೆಂಗಳೂರು

ಪ್ರೀತಿಯ ಚೇತು,

ನಿನ್ನೆ ಫೋನಿನಲ್ಲಿ "ಅತ್ತೆ, ಅಪ್ಪನಿಗೆ ಲಿವರ್ ಕ್ಯಾನ್ಸರ್ ತಂದ ಜೀನ್ ನನಗೂ ಬಂದಿದ್ರೆ?" ಅಂತ ಕೇಳಿದೆ. ತಕ್ಷಣ ಏನೂ ಹೇಳಲು ಆಗಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಪ್ಪನಿಗೂ ನನಗೂ ಹೆಪಟೈಟಿಸ್ ಬಿ ಅನ್ನುವ ಲಿವರಿನ ವೈರಸ್ ಸೋಂಕು ಬಂದಿದ್ದು ಹುಟ್ಟುವಾಗ, ನಮ್ಮಮ್ಮನಿಂದ. ಹೆರಿಗೆಯಲ್ಲಿ ತಗುಲಿದರೆ 100ಕ್ಕೆ 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ನಮ್ಮದು ಒಂದೇ ವೈರಸ್, ಒಂದೇ ಮನೆಯ ಊಟ. ಅಣ್ಣ 47ಕ್ಕೆ ಹೋದ, ನನಗೀಗ 63. ಒಂದು ತೊಟ್ಟು ಕುಡಿದವನಲ್ಲ ಅವನು. ಡಾಕ್ಟರೊಬ್ಬರು "ನೀವು ಬರೀ ಕ್ಯಾರಿಯರ್, ವೈರಸ್ ಇದೆ ಅಷ್ಟೇ, ಕಾಯಿಲೆ ಇಲ್ಲ, ಏನೂ ಮಾಡೋದು ಬೇಡ" ಅಂದಿದ್ದರು. ಅವನು ನಂಬಿದ, ನಾವೂ ನಂಬಿದೆವು. ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ 9 ಸೆಂಟಿಮೀಟರ್ ಆಗಿತ್ತು. ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವುದು, ಇರಲೇ ಇಲ್ಲ. ಈ ವೈರಸ್ ತನ್ನ ಡಿಎನ್‌ಎಯನ್ನು ನಮ್ಮ ಲಿವರ್ ಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ. ಹಾಗಾಗಿ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದು. ಇದು ಅವತ್ತು ನಮಗೆ ಗೊತ್ತಿರಲಿಲ್ಲ.

ಜೀನ್ ಪಾತ್ರ ಇದೆ, ಸುಳ್ಳು ಹೇಳುವುದಿಲ್ಲ. ದೇಹ ವೈರಸ್ಸನ್ನು ಹೇಗೆ ಎದುರಿಸುತ್ತದೆ ಅನ್ನುವುದರಲ್ಲಿ ಎಚ್‌ಎಲ್‌ಎ ಜೀನುಗಳ ಕೈವಾಡ ಇದೆ. ಪಿಎನ್‌ಪಿಎಲ್‌ಎ3 ಅಂತ ಇನ್ನೊಂದು. ಅದರಲ್ಲಿ ಒಂದು ನಿರ್ದಿಷ್ಟ ಅಕ್ಷರ ಬದಲಾದರೆ ಲಿವರಿನಲ್ಲಿ ಕೊಬ್ಬು ಸುಲಭವಾಗಿ ಕೂರುತ್ತದೆ. ಕುಡಿತ, ಬೊಜ್ಜು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಆದರೆ ಒಂದೊಂದು ಜೀನೂ ಸ್ವಲ್ಪ ಸ್ವಲ್ಪವೇ ತಳ್ಳುವುದು. ಅದಕ್ಕಾಗಿ ಸುಮ್ನೆ ಜೀನ್ ಟೆಸ್ಟಿಗೆ ದುಡ್ಡು ಸುರಿಯಬೇಡ. ಅಪ್ಪನ ಫೈಲ್ ಡಾಕ್ಟರ ಮುಂದೆ ಇಡು, ಅದೇ ದೊಡ್ಡ ರಿಪೋರ್ಟು. ಹೆಪಟೈಟಿಸ್ ಬಿ ಇರುವ ನಮ್ಮ ಏಷ್ಯಾದ ಗಂಡಸರಿಗೆ ಸಾಮಾನ್ಯವಾಗಿ 40ರಿಂದ ಸ್ಕ್ಯಾನ್ ಶುರು. ಮನೆಯಲ್ಲಿ ಲಿವರ್ ಕ್ಯಾನ್ಸರ್ ಆಗಿದ್ದರೆ ಅಲ್ಲಿಯವರೆಗೆ ಕಾಯುವುದಿಲ್ಲ. ನಿನಗೂ ಈ ವೈರಸ್ ಇದೆ, 34 ಆಯಿತು, ಅಲ್ವಾ?

ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ, ಲಿವರ್ ಕ್ಯಾನ್ಸರಿನ ಸುಳಿವು ಕೊಡುವಂಥದ್ದು. ನಾನು ಯುಗಾದಿ ಮುಗಿದ ಮೇಲೊಂದು, ನವರಾತ್ರಿ ಮುಗಿದ ಮೇಲೊಂದು ಮಾಡಿಸುತ್ತೇನೆ. ಹಬ್ಬ ಲೆಕ್ಕ ಇಟ್ಟರೆ ಮರೆಯುವುದಿಲ್ಲ. ಹೊಟ್ಟೆಗೆ ತಣ್ಣನೆ ಜೆಲ್ ಹಚ್ಚಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತಾರೆ. ಆ ಕ್ಷಣದಲ್ಲಿ ಪ್ರತಿ ಸಲವೂ ಅಣ್ಣ ಕಣ್ಣಮುಂದೆ ಬರುತ್ತಾನೆ. 2 ಸೆಂಟಿಮೀಟರಿನ ಗಡ್ಡೆಯನ್ನು ಕತ್ತರಿಸಿ ತೆಗೆಯಬಹುದು, ಸುಟ್ಟೂ ಹಾಕಬಹುದು. 9 ಆದಮೇಲೆ ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ.

ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ, ನೋಡಿ ಡಾಕ್ಟರು ಮಾತ್ರೆ ಬೇಕು ಅಂದರೆ ಹಿಂಜರಿಯಬೇಡ. 2018ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಟೆನೊಫೊವಿರ್ ಅನ್ನುವ ಆ ಮಾತ್ರೆ ಉಚಿತ. ಶುರು ಮಾಡಿದ ಮೇಲೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡ.

ಇನ್ನೊಂದು ಮಾತು. ಪರಿಷೆಯಲ್ಲಿ ಕೊಂಡ ಕಡಲೆಕಾಯಿಯನ್ನು ತಿಂಗಳುಗಟ್ಟಲೆ ಚೀಲದಲ್ಲಿ ಇಡಬೇಡ. ಬೂಸಲು ಹಿಡಿದರೆ ಅಫ್ಲಾಟಾಕ್ಸಿನ್ ವಿಷ ಸೇರಬಹುದು. ನಮ್ಮಂಥವರ ಲಿವರಿಗೆ ಅದು ಎರಡು ಪಟ್ಟಲ್ಲ, ಹಲವು ಪಟ್ಟು ಕೆಟ್ಟದ್ದು. ನಾನು ಮೊರದಲ್ಲಿ ಹರಡಿಕೊಂಡು ಒಂದೊಂದೇ ಬೀಜ ನೋಡುತ್ತೇನೆ. ಕಪ್ಪಗಿದ್ದರೆ, ಸುಕ್ಕಾಗಿದ್ದರೆ, ಕಹಿ ಅನ್ನಿಸಿದರೆ ಎಸೆಯುತ್ತೇನೆ.

ಶನಿವಾರ ಬಾ. ಫೈಲ್ ಬೀರುವಿನಿಂದ ತೆಗೆದು ದೇವರ ಕೋಣೆಯ ಪಕ್ಕ ಇಟ್ಟಿದ್ದೇನೆ. ನಿನ್ನ ತಂಗಿಯನ್ನೂ ಕರೆದುಕೊಂಡು ಬಾ, ಅವಳಿಗಿನ್ನೂ ಟೆಸ್ಟೇ ಆಗಿಲ್ಲ.

ನಿನ್ನ
ಅತ್ತೆ